ಬಾಲಕರ ಸ್ವಭಾವವೂ ಶಾಸನವೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಿಂದ ಬನದ ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ವಾಡಿಕೆಯು ಪುರಾತನವಾದುದು. ಆ ಜಾತ್ರೆಯಲ್ಲಿ ಸೀರೆಯುಟ್ಟು ಚೌಡಿಕೆ ನುಡಿಸುತ್ತ ಹಾಡುವ ಜೋಗಪ್ಪಗಳನ್ನು ವಾಚಕರು ಕಂಡೇ ಇರುವರು. ಸ್ತ್ರೀಭಾವವನ್ನು ತೋರಿದ ಹುಡುಗನನ್ನು ದೇವಿಯು ಹಿಡಿದಳೆಂದು ಬಗೆದು ಅವನಿಗೆ ಮುತ್ತು ಕಟ್ಟಿಸುವುದು ಒಂದು ಮಾರ್ಗ. ಹೊಡೆದು ಬಡಿದು ಅವನನ್ನು ‘ಗಂಡಸ’ನನ್ನಾಗಿ ಮಾಡಹೊರಡುವುದು ಇನ್ನೊಂದು. ಎರಡರಲ್ಲಿಯೂ ಬಾಲಕನ ಮಾತನ್ನು ಕೇಳುವವರಿಲ್ಲ.

ಮೊದಲನೆಯ ಮಾರ್ಗಕ್ಕೆ ಸಮೀಪವಾದ ಶಾಸನಗಳುಂಟು. 1934ರಲ್ಲಿ ಮುಂಬಯಿ ಸರಕಾರವು ದೇವದಾಸಿಯರ ಸಂರಕ್ಷಣೆಯ ಕಾಯದೆಯನ್ನು ಮಾಡಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. 1982ರ ಕರ್ನಾಟಕದ ಕಾಯದೆಯಾದರೋ ಅರ್ಪಣೆ ಮಾಡಿದವರಿಗೆ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಅವರು ತಂದೆತಾಯಿಗಳೋ ಪೋಷಕರೋ ಬಂಧುಗಳೋ ಆಗಿದ್ದರೆ 2 ವರ್ಷಗಳಿಗೆ ಕಡಿಮೆಯಿಲ್ಲದಂತೆ 5 ವರ್ಷಗಳವರೆಗೆ. ಹೆತ್ತವರಿಗೇ ಹೆಚ್ಚಿನ ದಂಡನೆ! ಆದರೆ ಈ ಎರಡು ಕಾಯದೆಗಳೂ ಸ್ತ್ರೀಯರನ್ನು ಮಾತ್ರ ಉದ್ದೇಶಿಸಿದವು. ಮುತ್ತು ಕಟ್ಟಿಸಿಕೊಂಡ ಹುಡುಗನು ಅವುಗಳ ಹೊರಗೇ ಉಳಿದನು.

ಎರಡನೆಯ ಮಾರ್ಗವನ್ನು ನಾನು ಕಣ್ಣಾರೆ ಕಂಡಿರುವೆನು. ನನ್ನ ತರಗತಿಯ ಬಾಲಕನೊಬ್ಬನು ಒಂದು ಸೋಮವಾರ ಎರಡೂ ತೋಳುಗಳಲ್ಲಿ ಬರೆಯ ಗುರುತುಗಳನ್ನು ಹೊತ್ತು ಬಂದನು. ಅವನ ನಡಿಗೆಯು ಹೆಣ್ಣಿನಂತಿದೆಯೆಂದು ಮನೆಯವರು ಮಾಡಿಸಿದ ಚಿಕಿತ್ಸೆಯದು. “ಹಿರಿಯರು ಒಳ್ಳೆಯದಕ್ಕೇ ಮಾಡಿದ್ದಾರೆ, ಅಳಬೇಡ” ಎಂದೆನು. ಪಾಠಶಾಲೆಯಲ್ಲಿ ಸುಶ್ರುತಸಂಹಿತೆಯನ್ನು ಓದಿದ್ದ ನಾನು ಆಡಬಾರದಿದ್ದ ಮಾತದು. ಅದರ ಶಾರೀರಸ್ಥಾನದ ಎರಡನೆಯ ಅಧ್ಯಾಯವು ಆಸೇಕ್ಯ, ಕುಂಭೀಕ, ಷಂಢ ಮೊದಲಾದವರನ್ನು ಹೆಸರಿಸಿ, ಕಾರಣವನ್ನು ಜನನಕ್ಕಿಂತ ಮೊದಲೇ ಹುಡುಕುತ್ತದೆ. ಆ ಕಾರಣವನ್ನು ಇಂದು ಯಾರೂ ಒಪ್ಪರು, ನಾನೂ ಒಪ್ಪೆನು; ಆದರೂ ಬರೆ ಹಾಕೆಂದು ಅಲ್ಲಿ ಹೇಳಿಲ್ಲ. ಹುಡುಗನು ಮರುವರ್ಷ ಶಾಲೆಗೆ ಬರಲಿಲ್ಲ.

2021ರ ಜೂನ್ 7ರಂದು ಮದ್ರಾಸಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಆನಂದ ವೆಂಕಟೇಶರು ಇಂಥವರನ್ನು ವೈದ್ಯದಿಂದ ‘ಸರಿಪಡಿಸುವ’ ಯತ್ನವನ್ನು ನಿಷೇಧಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದನ್ನು ವೈದ್ಯರ ವೃತ್ತಿದೋಷವೆಂದು ಸಾರಿತು. ಮಾಲ್ಟಾ ಎಂಬ ಕಿರುದ್ವೀಪದೇಶವು 2016ರಲ್ಲಿಯೇ ಇದಕ್ಕೆ ಶಾಸನವನ್ನು ಮಾಡಿದ್ದಿತು. ಆಯೋಗದ ಮಾತು ವೈದ್ಯನನ್ನು ಕಟ್ಟುತ್ತದೆ. ಬರೆ ಹಾಕುವವನು ವೈದ್ಯನಲ್ಲ, ಹಾಕಿಸುವವನು ತಂದೆ. ಮಕ್ಕಳಿಗಾಗಿ ನಮ್ಮಲ್ಲಿ ಇಂಥ ಕಾಯದೆಯನ್ನು ಬರೆಯಕೂಡುವವರು 1982ರ ಕಾಯದೆಯಲ್ಲಿ ಪೋಷಕರ ದಂಡನೆಯ ಕಲಮನ್ನು ಮೊದಲು ತೆರೆದು ನೋಡಬೇಕೆಂದು ನನ್ನ ಮತ.