ಹಿಡುವಳಿಗಳ ವರ್ಗೀಕರಣವೂ ಹಿಸ್ಟೋಗ್ರಾಮಿನ ಪೂರ್ವಸಿದ್ಧತೆಯೂ: ಹೂಲಿ ಸೀಮೆಯ ಭೂಮಾನವನ್ನು ಕುರಿತು

ಸವದತ್ತಿ ತಾಲ್ಲೂಕಿನ ಹೂಲಿಯ ಪ್ರಾಚೀನ ಶಾಸನಗಳಲ್ಲಿ ದಾನಭೂಮಿಯ ಪ್ರಮಾಣವು ಮತ್ತರು ಎಂಬ ಭೂಮಾನದಲ್ಲಿ ಉಕ್ತವಾಗಿದೆ. ಆದರೆ ಮತ್ತರಿನ ವಿಸ್ತಾರವು ಅಳೆದ ಕೋಲಿನ ಉದ್ದವನ್ನು ಅವಲಂಬಿಸಿದ್ದುದರಿಂದ, ಕೋಲು ಯಾವುದೆಂದು ನಿಶ್ಚಯಿಸದೆ ಎರಡು ಊರುಗಳ ಮತ್ತರುಗಳನ್ನು ಒಟ್ಟುಗೂಡಿಸುವುದು ಶಾಸನಾಭ್ಯಾಸಿಗೆ ಸಲ್ಲದು. ಇಂದಿನ ಹಿಡುವಳಿಗಳನ್ನು ವರ್ಗಗಳಾಗಿ ವಿಂಗಡಿಸಿ ಹಿಸ್ಟೋಗ್ರಾಮನ್ನು ರಚಿಸಹೊರಟವನಿಗೂ ಇದೇ ವಿವೇಕವು ಅವಶ್ಯವೆಂಬುದು ನನ್ನ ಪ್ರತಿಪಾದನೆ.

ಈ ಸೀಮೆಯ ಉತಾರಗಳಲ್ಲಿ, ಅಂದರೆ ಭೂದಾಖಲೆಗಳಲ್ಲಿ, ಹೊಲದ ಕ್ಷೇತ್ರವು ಎಕರೆ-ಗುಂಟೆಗಳಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ. ‘2-20’ ಎಂದು ಬರೆದುದು ಎರಡೂವರೆ ಎಕರೆ, ಅಂದರೆ ಸುಮಾರು 1.01 ಹೆಕ್ಟೇರ್, ಅದನ್ನೇ ದಶಮಾಂಶವೆಂದು ಭ್ರಮಿಸಿ 2.20 ಎಕರೆಯೆಂದು ಬರೆದುಕೊಂಡರೆ 0.89 ಹೆಕ್ಟೇರ್ ಆಗಿ, ಸಣ್ಣ ಹಿಡುವಳಿಯೊಂದು ಅತಿಸಣ್ಣ ಹಿಡುವಳಿಗಳ ವರ್ಗಕ್ಕೆ ಜಾರಿಬಿಡುತ್ತದೆ. ವರ್ಗದ ಗಡಿಯು ಒಂದು ಹೆಕ್ಟೇರಿನಲ್ಲಿಯೇ ಇರುವುದರಿಂದ ಇಂಥ ದೋಷವು ಆಲೇಖದ ಆಕಾರವನ್ನೇ ಕೆಡಿಸಬಲ್ಲುದು. ಒಬ್ಬನೇ ರೈತನು ಉಳುವ ಹಲವು ಸರ್ವೆ ನಂಬರುಗಳನ್ನು ಮೊದಲು ಕೂಡಿಸದೆ ಪ್ರತಿಯೊಂದು ಉತಾರವನ್ನೂ ಒಂದೊಂದು ಹಿಡುವಳಿಯೆಂದು ಎಣಿಸುವುದೂ ಅಷ್ಟೇ ಅನರ್ಥಕಾರಿ.

ಇನ್ನು ವರ್ಗಾಂತರಗಳ ವಿಚಾರ. 2015–16ರ ಕೃಷಿಗಣತಿಯಂತೆ ಭಾರತದ ಹಿಡುವಳಿಗಳಲ್ಲಿ ಒಂದು ಹೆಕ್ಟೇರಿಗೆ ಒಳಪಟ್ಟವು ಶೇಕಡಾ 68.45, 1ರಿಂದ 2 ಹೆಕ್ಟೇರಿನವು 17.62, 2ರಿಂದ 4ರವು 9.55, 4ರಿಂದ 10ರವು 3.80, ಅದಕ್ಕೂ ಮೇಲ್ಪಟ್ಟವು 0.57. ಇಲ್ಲಿ ವರ್ಗಗಳ ಅಗಲವು ಸಮಾನವಲ್ಲ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಹೆಸರಿಟ್ಟ ಹಿಸ್ಟೋಗ್ರಾಮಿನಲ್ಲಿ ಆವೃತ್ತಿಯನ್ನು ಸೂಚಿಸುವುದು ಆಯತದ ಎತ್ತರವಲ್ಲ, ಅದರ ಕ್ಷೇತ್ರಫಲ. ಆದುದರಿಂದ ಪ್ರತಿಯೊಂದು ಆವೃತ್ತಿಯನ್ನೂ ವರ್ಗದ ಅಗಲದಿಂದ ಭಾಗಿಸಿ ಬಂದ ಸಾಂದ್ರತೆಯನ್ನೇ ಎತ್ತರವಾಗಿ ಗ್ರಹಿಸತಕ್ಕುದು. ಆಗ 2–4ರ ಆಯತದ ಎತ್ತರ 4.78, 4–10ರದು ಕೇವಲ 0.63. ಶೇಕಡಾವಾರನ್ನೇ ಎತ್ತರವೆಂದು ಬರೆದಲ್ಲಿ 4–10 ಹೆಕ್ಟೇರಿನ ಮಧ್ಯಮ ಹಿಡುವಳಿಗಳು ಆರು ಪಟ್ಟು ಹಿಗ್ಗಿ ತೋರಿ, ಭೂಹಂಚಿಕೆಯ ತೀವ್ರ ವೈಷಮ್ಯವು ನೋಡುಗನ ಕಣ್ಣಿಗೆ ಮರೆಯಾಗುತ್ತದೆ. ವಿದ್ಯಾರ್ಥಿಗಳ ಪಟಗಳಲ್ಲಿ ಇದು ಅತಿ ಸಾಮಾನ್ಯವಾದ ದೋಷ.

ಒಂದು ವರ್ಗದ ಮೇಲುಗಡಿಯೇ ಮುಂದಿನದರ ಕೆಳಗಡಿಯಾಗಿರುವುದರಿಂದ, ನಿಖರವಾಗಿ 2 ಹೆಕ್ಟೇರಿರುವ ಹಿಡುವಳಿಯು ಯಾವ ವರ್ಗಕ್ಕೆ ಸೇರುವುದೆಂಬ ನಿಯಮವನ್ನು ಎಣಿಕೆಗೆ ಮೊದಲೇ ಗೊತ್ತುಪಡಿಸಿ, ಕೊನೆಯವರೆಗೂ ಅದನ್ನೇ ಪಾಲಿಸಬೇಕು.

ಕೊನೆಯ ವರ್ಗಕ್ಕೆ ಮೇಲುಗಡಿಯಿಲ್ಲ. ಆ ವರ್ಗದ ಸರಾಸರಿ ಹಿಡುವಳಿಯು ಸುಮಾರು 17 ಹೆಕ್ಟೇರ್ ಆಗಿರುವುದರಿಂದ, ಹಿಡುವಳಿಗಳು ಸಮವಾಗಿ ಹರಡಿವೆಯೆಂದು ಭಾವಿಸಿ 24ರಲ್ಲಿ ಅದನ್ನು ಮುಗಿಸಬಹುದು. ಆದರೆ ಇದು ಊಹೆಯೇ ಹೊರತು ಗಣತಿಯ ಅಂಶವಲ್ಲವಾದ ಕಾರಣ, ಅಧ್ಯಾಪಕರೂ ಸಂಶೋಧಕರೂ ಆ ಊಹೆಯನ್ನು ಪಟದ ಕೆಳಗೆ ಸ್ಪಷ್ಟವಾಗಿ ನಮೂದಿಸಬೇಕೆಂದು ವಿನಂತಿಸುತ್ತೇನೆ.