ಭೋರ್ ಸಮಿತಿ ಮತ್ತು ಚಿಕಿತ್ಸೆಯ ವೆಚ್ಚದ ಪ್ರಶ್ನೆ

೧

ರೋಗಿಗೆ ಚಿಕಿತ್ಸೆ ದೊರೆಯಬೇಕೆಂಬ ವಿಷಯದಲ್ಲಿ ಯಾವ ಕಾಲದಲ್ಲಿಯೂ ಹೆಚ್ಚಿನ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಭಿನ್ನಾಭಿಪ್ರಾಯವಿರುವುದು ಆ ಚಿಕಿತ್ಸೆಯ ವೆಚ್ಚವನ್ನು ಯಾರು ಹೊರಬೇಕೆಂಬಲ್ಲಿ. ಈ ಪ್ರಶ್ನೆಗೆ ಇತಿಹಾಸದಲ್ಲಿ ಸ್ಥೂಲವಾಗಿ ನಾಲ್ಕು ಉತ್ತರಗಳು ದೊರೆಯುತ್ತವೆ. ರೋಗಿಯೇ ಹೊರಬೇಕೆಂಬುದು ಒಂದು. ದಾನಿಯು ಹೊರಬೇಕೆಂಬುದು ಎರಡನೆಯದು. ಜನರು ಮುಂಚಿತವಾಗಿ ಕೂಡಿಟ್ಟ ವಿಮೆಯ ನಿಧಿಯು ಹೊರಬೇಕೆಂಬುದು ಮೂರನೆಯದು. ತೆರಿಗೆಯ ಮೂಲಕ ಸಮಸ್ತ ಸಮಾಜವೂ ಹೊರಬೇಕೆಂಬುದು ನಾಲ್ಕನೆಯದು. ಭಾರತದಲ್ಲಿ ಈ ನಾಲ್ಕನೆಯ ಉತ್ತರವನ್ನು ಸಕಾರಣವಾಗಿ ಪ್ರತಿಪಾದಿಸಿದ ದಾಖಲೆಗಳಲ್ಲಿ ೧೯೪೬ರ ಭೋರ್ ಸಮಿತಿಯ ವರದಿಗೆ ಅಗ್ರಸ್ಥಾನ ಸಲ್ಲುತ್ತದೆ. ಅದು ಬ್ರಿಟನ್ನಿನ ಯೋಜನೆಯ ಪ್ರತಿಬಿಂಬವೆಂದು ಕೆಲವೊಮ್ಮೆ ಹೇಳುವುದುಂಟು. ವೆಚ್ಚದ ಪ್ರಶ್ನೆಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲವೆಂಬುದನ್ನು ತೋರಿಸುವುದೂ, ಸಮಿತಿಯು ಕೊಟ್ಟ ಕಾರಣಗಳು ಇಂದಿಗೂ ಪರಿಶೀಲನಾರ್ಹವಾಗಿವೆಯೆಂಬುದನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ನಮ್ಮ ನಾಡಿನ ಹಳೆಯ ಉತ್ತರವನ್ನು ನೋಡೋಣ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ, ಕಳಚೂರ್ಯ ಬಿಜ್ಜಳನ ಕಾಲದ ೧೧೬೨ರ ಶಾಸನವು ಕರ್ನಾಟಕದ ವಿದ್ಯಾಕೇಂದ್ರಗಳ ಚರಿತ್ರೆಯಲ್ಲಿ ಸುಪ್ರಸಿದ್ಧವಾದದ್ದು. ಆ ಮಠವು ವೇದಶಾಸ್ತ್ರಗಳ ಅಧ್ಯಯನಸ್ಥಾನವಾಗಿದ್ದಂತೆಯೇ ದೀನರಿಗೂ ಅಂಗವಿಕಲರಿಗೂ ಅನ್ನವನ್ನು ನೀಡುವ, ನಾನಾ ವ್ಯಾಧಿಗಳಿಂದ ಪೀಡಿತರಾದವರಿಗೆ ಔಷಧವನ್ನು ಕೊಡುವ ಸ್ಥಾನವೂ ಆಗಿತ್ತೆಂದು ಶಾಸನದಿಂದ ತಿಳಿದುಬರುತ್ತದೆ. ಇಲ್ಲಿ ವೆಚ್ಚವನ್ನು ಹೊತ್ತದ್ದು ದತ್ತಿಯ ಭೂಮಿ. ರೋಗಿಯು ಕೇಳುವವನಲ್ಲ, ಪಡೆಯುವವನು. ದಾನಿಗೆ ಪುಣ್ಯ, ರೋಗಿಗೆ ಔಷಧ. ಈ ಏರ್ಪಾಡಿನ ಔದಾರ್ಯವನ್ನು ನಾವು ಕಡೆಗಣಿಸತಕ್ಕದ್ದಲ್ಲ. ಆದರೆ ದತ್ತಿಯಿದ್ದ ಊರಿನಲ್ಲಿ ಮಾತ್ರ ಔಷಧವಿತ್ತೆಂಬುದನ್ನೂ ಮರೆಯತಕ್ಕದ್ದಲ್ಲ. ದಾನವು ಎಷ್ಟೇ ವಿಪುಲವಾಗಿದ್ದರೂ ಅದಕ್ಕೆ ವ್ಯಾಪ್ತಿಯ ನಿಯಮವಿಲ್ಲ. ಮುಂದೆ ಬ್ರಿಟಿಷ್ ಪ್ರಾಂತಗಳಲ್ಲಿಯೂ ಮೈಸೂರಿನಂತಹ ಸಂಸ್ಥಾನಗಳಲ್ಲಿಯೂ ಸರ್ಕಾರದ ಆಸ್ಪತ್ರೆಗಳು ಹುಟ್ಟಿದಾಗ, ಸ್ಥಾಪಕನು ಬದಲಾದನೇ ಹೊರತು ಬಡ ರೋಗಿಯನ್ನು ದಯೆಗೆ ಪಾತ್ರನೆಂದು ಕಾಣುವ ದೃಷ್ಟಿಯು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

೩

ಬ್ರಿಟನ್ನಿನಲ್ಲಿ ಈ ದೃಷ್ಟಿಯು ಬದಲಾದ ಕ್ರಮವು ಬೇರೆ. ೧೯೧೧ರ ರಾಷ್ಟ್ರೀಯ ವಿಮಾ ಶಾಸನದ ಮೇರೆಗೆ ಕೂಲಿಕಾರನು ವಾರಕ್ಕೆ ನಾಲ್ಕು ಪೆನ್ಸ್, ಮಾಲಿಕನು ಮೂರು ಪೆನ್ಸ್, ಸರ್ಕಾರವು ಎರಡು ಪೆನ್ಸ್ ಕೊಡುವ ಪದ್ಧತಿ ಬಂತು. ದುಡಿಯುವವನಿಗೆ ವೈದ್ಯನು ದೊರೆತನು. ಆತನ ಹೆಂಡತಿ ಮಕ್ಕಳು ಹೊರಗೆ ಉಳಿದರು. ೧೯೪೨ರ ಡಿಸೆಂಬರಿನಲ್ಲಿ ಪ್ರಕಟವಾದ ಬೆವರಿಜ್ ವರದಿಯು ಸರ್ವರಿಗೂ ವೈದ್ಯಸೇವೆಯುಂಟೆಂಬ ಆಧಾರದ ಮೇಲೆಯೇ ತನ್ನ ಸಾಮಾಜಿಕ ಭದ್ರತೆಯ ಯೋಜನೆಯನ್ನು ಕಟ್ಟಿತು. ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ವೈದ್ಯಸಂಘವು ತನ್ನ ಸದಸ್ಯರ ಮತವನ್ನು ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಿರೋಧಿಸಿದ್ದರೆಂಬುದು ಗಮನಾರ್ಹ. ತಾವು ಸರ್ಕಾರದ ಸಂಬಳಗಾರರಾಗುವೆವೆಂಬ ಭಯವೇ ಅವರ ಮುಖ್ಯ ಆಕ್ಷೇಪ. ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಈ ಅಂಶದಲ್ಲಿ ರಿಯಾಯಿತಿ ತೋರಿದ ಮೇಲೆ ವಿರೋಧವು ಕರಗಿತು.

ವೆಚ್ಚದ ವಾದವು ಅಲ್ಲಿಗೆ ಮುಗಿಯಲಿಲ್ಲ. ೧೯೫೧ರ ಆಯವ್ಯಯದಲ್ಲಿ ಕೃತಕ ದಂತಗಳಿಗೂ ಕನ್ನಡಕಗಳಿಗೂ ಅರ್ಧ ಬೆಲೆಯನ್ನು ರೋಗಿಯಿಂದ ಪಡೆಯುವ ಸೂಚನೆ ಬಂದೊಡನೆ ಬೆವನ್ ಮಂತ್ರಿಪದವಿಗೆ ರಾಜೀನಾಮೆಯಿತ್ತರು. ಆ ವರ್ಷದಲ್ಲಿ ಉಳಿಯುತ್ತಿದ್ದುದು ಸುಮಾರು ೧೩ ಮಿಲಿಯನ್ ಪೌಂಡು. ಅಲ್ಪ ಮೊತ್ತಕ್ಕಾಗಿ ದೊಡ್ಡ ತತ್ತ್ವವನ್ನು ಬಿಡಲಾಯಿತೆಂಬುದು ಅವರ ಪಕ್ಷದವರ ವಾದ. ದೊಡ್ಡ ಸೇವೆಯನ್ನು ಉಳಿಸಲು ಅಲ್ಪ ಶುಲ್ಕ ಅಗತ್ಯವೆಂಬುದು ಎದುರು ವಾದ. ಮರುವರ್ಷ ಔಷಧದ ಚೀಟಿಗೆ ಒಂದು ಷಿಲ್ಲಿಂಗ್ ಶುಲ್ಕವೂ ಬಂತು. ಉಚಿತ ಸೇವೆಯಿಂದ ಬೊಕ್ಕಸ ಬರಿದಾಗುತ್ತಿದೆಯೆಂಬ ಕೂಗನ್ನು ವಿಚಾರಿಸಲು ನೇಮಕವಾದ ಗಿಲೆಬಾಡ್ ಸಮಿತಿಯು ೧೯೫೬ರಲ್ಲಿ ಕೊಟ್ಟ ವರದಿ ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ರಾಷ್ಟ್ರೀಯ ಉತ್ಪನ್ನದಲ್ಲಿ ಸೇವೆಯ ಪಾಲು ೧೯೪೯–೫೦ರಲ್ಲಿ ಶೇಕಡ ೩.೭೫ ಇದ್ದದ್ದು ೧೯೫೩–೫೪ರ ವೇಳೆಗೆ ೩.೨೫ಕ್ಕೆ ಇಳಿದಿತ್ತು. ಜನರ ಭಾವನೆಯೂ ಲೆಕ್ಕದ ಪುಸ್ತಕವೂ ಯಾವಾಗಲೂ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

೪

ಭಾರತ ಸರ್ಕಾರವು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಪರಿಶೀಲನಾ ಸಮಿತಿಯನ್ನು ನೇಮಿಸಿದ್ದು ೧೯೪೩ರ ಅಕ್ಟೋಬರಿನಲ್ಲಿ; ಅಂದರೆ ಬೆವರಿಜ್ ವರದಿಯ ಮರುವರ್ಷ. ಆಕ್ಸ್‌ಫರ್ಡಿನ ಜಾನ್ ರೈಲ್, ಅಮೆರಿಕದಿಂದ ಬಂದ ವೈದ್ಯಚರಿತ್ರಕಾರ ಹೆನ್ರಿ ಸಿಗರಿಸ್ಟ್ ಮೊದಲಾದ ವಿದೇಶೀಯರು ಸಲಹೆಗಾಗಿ ಆಹ್ವಾನಿತರಾಗಿದ್ದರು. ಆದಕಾರಣ ಪಾಶ್ಚಾತ್ಯ ಪ್ರಭಾವವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಸಮಿತಿಯ ಮುಂದಿದ್ದ ಚಿತ್ರ ಬ್ರಿಟನ್ನಿನದಾಗಿರಲಿಲ್ಲ. ಬ್ರಿಟಿಷ್ ಇಂಡಿಯದಲ್ಲಿ ಸುಮಾರು ೬,೩೦೦ ಜನರಿಗೆ ಒಬ್ಬ ವೈದ್ಯ, ೪೩,೦೦೦ ಜನರಿಗೆ ಒಬ್ಬ ದಾದಿ. ಸಾವಿರ ಜನರಿಗೆ ಆಸ್ಪತ್ರೆಯ ಹಾಸಿಗೆಗಳು ೦.೨೪. ಹುಟ್ಟಿದ ಸಾವಿರ ಶಿಶುಗಳಲ್ಲಿ ೧೬೨ ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವು. ಜನರ ಸರಾಸರಿ ಆಯುಸ್ಸು ಇಪ್ಪತ್ತೇಳು ವರ್ಷಗಳನ್ನು ಮುಟ್ಟಿರಲಿಲ್ಲ.

ವೆಚ್ಚವನ್ನು ಕೊಡಲಾರದ ಕಾರಣದಿಂದ ಯಾವ ವ್ಯಕ್ತಿಯೂ ಸಾಕಷ್ಟು ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದನ್ನು ಸಮಿತಿಯು ತನ್ನ ಮೂಲತತ್ತ್ವಗಳಲ್ಲೊಂದಾಗಿ ಅಂಗೀಕರಿಸಿತು. ಈ ತತ್ತ್ವದಿಂದ ಎರಡು ದಾರಿಗಳು ಹೊರಡುತ್ತವೆ: ವಿಮೆ, ಅಥವಾ ತೆರಿಗೆ. ಸಮಿತಿಯು ವಿಮೆಯನ್ನು ಪರಿಶೀಲಿಸಿ ಬಿಟ್ಟಿತು. ದೇಶದ ಜನರಲ್ಲಿ ಬಹುಭಾಗವು ಸಾಮಾನ್ಯ ಜೀವನಮಟ್ಟಕ್ಕಿಂತ ಕೆಳಗಿದ್ದು, ವಿಮೆಗೆ ಬೇಕಾದ ಅಲ್ಪ ಚಂದಾವನ್ನು ಕೊಡಲು ಸಹ ಶಕ್ತರಲ್ಲವೆಂಬುದು ಅದರ ಕಾರಣ. ವಾರದ ಕೂಲಿಯಿಂದ ನಾಲ್ಕು ಪೆನ್ಸನ್ನು ಕಡಿತಮಾಡಬೇಕಾದರೆ ಮೊದಲು ವಾರದ ಕೂಲಿಯಿರಬೇಕಷ್ಟೆ. ಕಾರ್ಖಾನೆಯ ದೇಶದಲ್ಲಿ ಹುಟ್ಟಿದ ಈ ಉಪಾಯವು ಒಕ್ಕಲುತನದ ದೇಶಕ್ಕೆ ಒಪ್ಪುವಂತಹುದಲ್ಲ. ಆದುದರಿಂದ ಸೇವೆಯು ಭೇದವಿಲ್ಲದೆ ಸರ್ವರಿಗೂ ಉಚಿತವಾಗಿರಬೇಕು. ಶಕ್ತರಾದವರು ತಮ್ಮ ಪಾಲನ್ನು ಸಾಮಾನ್ಯ ಹಾಗೂ ಸ್ಥಳೀಯ ತೆರಿಗೆಗಳ ಮೂಲಕ ಸಲ್ಲಿಸಬೇಕು ಎಂದು ವರದಿಯು ನಿರ್ಣಯಿಸಿತು. ಬ್ರಿಟನ್ನು ವಿಮೆಯ ಮೆಟ್ಟಿಲನ್ನು ಹತ್ತಿ ಉಚಿತ ಸೇವೆಯನ್ನು ಮುಟ್ಟಿತು. ಭೋರ್ ಸಮಿತಿಯು ಬಡತನವನ್ನೇ ಕಾರಣವಾಗಿಟ್ಟುಕೊಂಡು, ಆ ಮೆಟ್ಟಿಲನ್ನು ಬಿಟ್ಟು ಅದೇ ನಿರ್ಣಯಕ್ಕೆ ಬಂತು. ಗುರಿ ಒಂದೇ ಆದರೂ ತರ್ಕ ಬೇರೆ. ಇದನ್ನು ಅನುಕರಣವೆನ್ನುವುದು ಸಾಧುವಲ್ಲ.

ಸಂಬಳ ಪಡೆಯುವ ಪೂರ್ಣಾವಧಿ ವೈದ್ಯರಿಗೆ ಖಾಸಗಿ ವೃತ್ತಿಯನ್ನು ನಿಷೇಧಿಸಬೇಕೆಂಬ ಬಹುಮತದ ಶಿಫಾರಸು ಇದೇ ತರ್ಕದ ಮುಂದುವರಿಕೆ. ಹಣ ಕೊಡುವ ರೋಗಿಯೂ ಕೊಡದ ರೋಗಿಯೂ ಒಬ್ಬನೇ ವೈದ್ಯನ ಮುಂದೆ ನಿಂತಾಗ, ವೈದ್ಯನ ವೇಳೆಯು ಯಾರ ಪಾಲಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಸಮಿತಿಯು ಕೊನೆಗೊಂದು ಬಾಗಿಲನ್ನು ತೆರೆದಿಟ್ಟಿತು. ಸೇವೆಯು ಎಂದೆಂದಿಗೂ ಉಚಿತವಾಗಿರಬೇಕೇ, ವಿಮೆಯ ಪದ್ಧತಿಯೇ ಹೆಚ್ಚು ಯುಕ್ತವೇ ಎಂಬುದನ್ನು ಮುಂದಿನ ಸರ್ಕಾರಗಳು ಕಾಲಸ್ಥಿತಿಯನ್ನು ನೋಡಿ ತೀರ್ಮಾನಿಸಲಿ ಎಂದಿತು.

೫

ಮುಂದಿನ ಸರ್ಕಾರಗಳು ಒಂದೇ ತೀರ್ಮಾನವನ್ನು ಕೈಕೊಳ್ಳಲಿಲ್ಲ. ಎಲ್ಲ ಉತ್ತರಗಳನ್ನೂ ಸ್ವಲ್ಪಸ್ವಲ್ಪ ಅಂಗೀಕರಿಸಿದುವು. ಸಂವಿಧಾನದ ೪೭ನೆಯ ಅನುಚ್ಛೇದವು ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆಂದು ಸಾರಿತು. ೧೯೫೨ರಿಂದ ಸಮುದಾಯ ಅಭಿವೃದ್ಧಿ ಯೋಜನೆಯ ಅಂಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದುವು. ಅದೇ ವರ್ಷ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯು, ಸಮಿತಿಯು ಕೈಬಿಟ್ಟಿದ್ದ ವಿಮೆಯನ್ನು ಕಾರ್ಖಾನೆಯ ಕೆಲಸಗಾರರ ಮಟ್ಟಿಗೆ ಜಾರಿಗೆ ತಂದಿತು. ಖಾಸಗಿ ವೃತ್ತಿಯ ನಿಷೇಧವು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ೧೯೯೦ರ ದಶಕದಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳನ್ನು ಸುಧಾರಿಸುವ ಯೋಜನೆಯೊಡನೆ, ಬಳಕೆದಾರರ ಶುಲ್ಕವೂ ಬಂತು.

೨೦೦೩ರಲ್ಲಿ ಕರ್ನಾಟಕವು ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆಯನ್ನು ಆರಂಭಿಸಿತು. ತಿಂಗಳಿಗೆ ಐದು ರೂಪಾಯಿಯಂತೆ ಚಂದಾ ಕೊಟ್ಟವರಿಗೆ ಶಸ್ತ್ರಚಿಕಿತ್ಸೆ. ಕೂಲಿಯಿಲ್ಲದೆಡೆಯಲ್ಲಿ ವಿಮೆ ಸಾಧ್ಯವಿಲ್ಲವೆಂಬ ಭೋರ್ ವಾದಕ್ಕೆ ಇದು ಗಂಭೀರವಾದ ಪ್ರತ್ಯುತ್ತರವೆಂಬುದನ್ನು ನಾವು ಒಪ್ಪಬೇಕು. ಸಹಕಾರ ಸಂಘವು ಮಾಲಿಕನ ಸ್ಥಾನದಲ್ಲಿ ನಿಂತು ಚಂದಾವನ್ನು ಕೂಡಿಸಿತು. ಆದರೂ ಸಂಘದ ಸದಸ್ಯನಲ್ಲದ ಭೂಹೀನನು ಹೊರಗೆ ಉಳಿದನು. ಶಸ್ತ್ರಚಿಕಿತ್ಸೆಯಲ್ಲದ ನಿತ್ಯದ ಔಷಧದ ವೆಚ್ಚವೂ ಹೊರಗೆ ಉಳಿಯಿತು. ೨೦೧೮ರ ಆರೋಗ್ಯ ಕರ್ನಾಟಕ ಯೋಜನೆಯು ಎಲ್ಲ ನಿವಾಸಿಗಳನ್ನೂ ಒಳಗೊಂಡಿತಾದರೂ ಪಡಿತರ ಚೀಟಿಯನ್ನು ನೋಡಿ ಅರ್ಹರಿಗೆ ಪೂರ್ಣ ನೆರವನ್ನೂ, ಉಳಿದವರಿಗೆ ನಿಗದಿತ ದರದಲ್ಲಿ ಶೇಕಡ ೩೦ರಷ್ಟು ನೆರವನ್ನೂ ವಿಧಿಸಿತು. ಭೇದವಿಲ್ಲದ ಸೇವೆಯೆಂಬ ೧೯೪೬ರ ನಿರ್ಣಯಕ್ಕೂ ಇದಕ್ಕೂ ಇರುವ ಅಂತರ ಸ್ಪಷ್ಟ: ಅಲ್ಲಿ ಶಕ್ತನನ್ನು ಗುರುತಿಸುವ ಕೆಲಸ ತೆರಿಗೆಯ ಅಧಿಕಾರಿಯದು, ಇಲ್ಲಿ ಅಶಕ್ತನನ್ನು ಗುರುತಿಸುವ ಕೆಲಸ ಆಸ್ಪತ್ರೆಯ ಗುಮಾಸ್ತನದು.

೬

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ಆರೋಗ್ಯದ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ನೇರವಾಗಿ ತೆತ್ತ ಪಾಲು ೨೦೧೩–೧೪ರಲ್ಲಿ ಶೇಕಡ ೬೪.೨ ಇದ್ದುದು ೨೦೨೧–೨೨ರಲ್ಲಿ ೩೯.೪ಕ್ಕೆ ಇಳಿಯಿತು. ಇದು ಸಂತೋಷದ ಸಂಗತಿಯೇ. ಆದರೂ ನೂರು ರೂಪಾಯಿಗಳಲ್ಲಿ ಸುಮಾರು ನಲವತ್ತು ರೂಪಾಯಿಗಳು, ರೋಗವು ಬಂದ ದಿನವೇ, ರೋಗಿಯ ಮನೆಯಿಂದಲೇ ಹೊರಡಬೇಕಾಯಿತೆಂಬ ಅರ್ಥವೂ ಈ ಅಂಕಿಯಲ್ಲಿದೆ. ದನವನ್ನು ಮಾರಿ, ಹೊಲವನ್ನು ಅಡವಿಟ್ಟು ಆಸ್ಪತ್ರೆಯ ಹಣವನ್ನು ಕಟ್ಟಿದ ಸಂಸಾರಗಳನ್ನು ಕಾಣದ ಗ್ರಾಮವು ನಮ್ಮಲ್ಲಿ ವಿರಳ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಮನೆಗಳಿಂದಲೇ ಬಂದವರು.

ತೆರಿಗೆಯೊಂದರಿಂದಲೇ ಎಲ್ಲವೂ ಸಾಧ್ಯವೆಂದು ನಾವು ವಾದಿಸುತ್ತಿಲ್ಲ. ತೆರಿಗೆಯ ಆಧಾರವಿದ್ದ ಬ್ರಿಟನ್ನಿನಲ್ಲಿಯೇ ಮೂರು ವರ್ಷಗಳೊಳಗೆ ಶುಲ್ಕದ ಮಾತು ಬಂದುದನ್ನು ಮೇಲೆ ಕಂಡೆವು. ಆದರೆ ಚರಿತ್ರೆಯಿಂದ ಒಂದಂಶ ಸಿದ್ಧವಾಗುತ್ತದೆ. ವೆಚ್ಚವು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹೊರುವ ಹೆಗಲು ಮಾತ್ರ ಬದಲಾಗುತ್ತದೆ. ಉಚಿತ ಚಿಕಿತ್ಸೆಗೆ ಹಣವೆಲ್ಲಿಂದ ಎಂದು ಕೇಳುವವರು, ಉಚಿತವಲ್ಲದ ಚಿಕಿತ್ಸೆಗೆ ಬಡವನು ಹಣವನ್ನು ಎಲ್ಲಿಂದ ತರುತ್ತಾನೆಂಬುದನ್ನೂ ಕೇಳಬೇಕು. ಭೋರ್ ಸಮಿತಿಯು ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿತೆಂಬುದರಲ್ಲಿ ಅದರ ಮಹತ್ತ್ವವಿದೆ. ಮುಂದಿನವರ ತೀರ್ಮಾನಕ್ಕೆಂದು ಅದು ಬಿಟ್ಟುಹೋದ ಪ್ರಶ್ನೆ ಇನ್ನೂ ನಮ್ಮ ಮುಂದಿದೆ.