ಕೊಪ್ಪಳ ನಾಡಿನ ಸಮಾಧಿ ಸಂಸ್ಕಾರ: ಮಣ್ಣು, ಉಪ್ಪು, ಸಿಮೆಂಟು

ಉತ್ತರ ಕರ್ನಾಟಕದಲ್ಲಿ ಅಂತ್ಯಕ್ರಿಯೆಗೆ ತೆರಳಿದವರನ್ನು ಕುರಿತು "ಮಣ್ಣಿಗೆ ಹೋಗಿದ್ದಾರೆ" ಎನ್ನುವುದು ವಾಡಿಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಲಿಂಗಾಯತ ಸದ್ಭಕ್ತರ ಮನೆಗಳಲ್ಲಿ ಈ ಮಾತು ಅಕ್ಷರಶಃ ಸತ್ಯ. ಇಲ್ಲಿ ಲಿಂಗೈಕ್ಯರಾದವರಿಗೆ ಚಿತೆಯಿಲ್ಲ, ಶವಪೆಟ್ಟಿಗೆಯಿಲ್ಲ. ಪಾರ್ಥಿವ ಶರೀರವನ್ನು ಕುಳಿತ ಭಂಗಿಯಲ್ಲಿ ವಿಮಾನದಲ್ಲಿರಿಸಿ, ಭಜನೆಯೊಡನೆ ರುದ್ರಭೂಮಿಗೋ ಸ್ವಂತ ಹೊಲಕ್ಕೋ ಕರೆದೊಯ್ದು ಮಣ್ಣು ಕೊಡುತ್ತಾರೆ. ಪರಿಸರಕ್ಕೆ ಹಾನಿಯಾಗದ ಅಂತ್ಯಸಂಸ್ಕಾರವನ್ನು ಜಗತ್ತು ಅರಸುತ್ತಿರುವ ಈ ದಿನಗಳಲ್ಲಿ ಈ ಸಂಸ್ಕಾರದ ಚರಿತ್ರೆಯನ್ನು ಅವಲೋಕಿಸುವುದು ಉಚಿತ. ಮೂಲದಲ್ಲಿ ಅತ್ಯಂತ ಸರಳವಾಗಿದ್ದ ಈ ಕ್ರಿಯೆಗೆ ಕಾಲಾನುಕ್ರಮದಲ್ಲಿ ಏನೇನು ಸೇರಿಕೊಂಡಿತೆಂಬುದೂ ಆಗಲೇ ತಿಳಿಯುವುದು.

ಈ ನೆಲದಲ್ಲಿ ಮೃತರಿಗೆ ನೆಲೆ ಕಲ್ಪಿಸುವ ಪದ್ಧತಿ ಶರಣರ ಕಾಲಕ್ಕಿಂತ ಬಹು ಪ್ರಾಚೀನವಾದುದು. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು ನಾಲ್ಕು ನೂರು ಬೃಹತ್ ಶಿಲಾ ರಚನೆಗಳಿವೆ. ಜನರು ಅವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ವಿದ್ವಾಂಸರು ಗುರುತಿಸಿರುವ ಈ ತಾಣವು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ದಕ್ಷಿಣ ಭಾರತದ ಇಂಥ ಅನೇಕ ಸಮಾಧಿಗಳಲ್ಲಿ ಪೂರ್ಣ ಶರೀರ ದೊರೆಯುವುದಿಲ್ಲ. ಆಯ್ದಿಟ್ಟ ಅಸ್ಥಿಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು ದೊರೆಯುತ್ತವೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಮೊದಲು ಶರೀರವನ್ನು ಬಯಲಿಗೆ ಒಡ್ಡಿ, ಬಳಿಕ ಉಳಿದ ಎಲುಬುಗಳನ್ನು ಕಲ್ಲಿನ ಕೋಣೆಯಲ್ಲಿಡುತ್ತಿದ್ದರೆಂದು ಊಹಿಸಿದರು. ಶರೀರವನ್ನು ಪ್ರಕೃತಿಗೆ ಬಿಟ್ಟುಕೊಟ್ಟು, ನೆನಪಿಗೆ ಮಾತ್ರ ಕಲ್ಲು ನಿಲ್ಲಿಸುವ ಕ್ರಮವಿದು. ಅದರೊಡನೆಯೇ ಕಲ್ಲಿನ ವ್ಯಾಮೋಹವೂ ಆಗಲೇ ಇತ್ತೆನ್ನಬೇಕು.

ಇದಕ್ಕೆ ವಿರುದ್ಧವಾದ ದೃಷ್ಟಾಂತವೊಂದು ಕೊಪ್ಪಳದಲ್ಲಿಯೇ ಉಂಟು. ಪ್ರಾಚೀನ ಕೊಪಣವು ಜೈನರ ಮಹಾತೀರ್ಥವಾಗಿತ್ತು. ಸಲ್ಲೇಖನ ವ್ರತದಿಂದ ದೇಹ ತ್ಯಜಿಸಲು ಮುನಿಗಳೂ ಶ್ರಾವಕರೂ ಇಲ್ಲಿಗೆ ಬರುತ್ತಿದ್ದರು. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಬೆಟ್ಟದಲ್ಲಿ ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಸ್ಮರಣೆಗೆ ಬಂಡೆಯ ಮೇಲೆ ಎರಡು ಪಾದಗಳನ್ನು ಕೊರೆಯಲಾಗಿದೆ. ಮಾಡಿಸಿದವನು ಚಾವಯ್ಯನೆಂದು ಪಕ್ಕದ ಹಳಗನ್ನಡ ಬರಹವು ತಿಳಿಸುತ್ತದೆ. ಗೋಪುರವಿಲ್ಲ, ಮಂಟಪವಿಲ್ಲ. ಮಹಾಕವಿಯೊಬ್ಬರಿಗೆ ಒಂದು ಜೊತೆ ಹೆಜ್ಜೆಯಷ್ಟು ಜಾಗ ಸಾಕಾಯಿತು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಜನನ, ಮರಣ, ರಜ, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇಷ್ಟಲಿಂಗವನ್ನು ಧರಿಸಿದ ಅಂಗವು ಪ್ರಾಣ ಹೋದ ಮಾತ್ರಕ್ಕೆ ಅಶುದ್ಧವಾಗಲಾರದು. ಆದ್ದರಿಂದ ಅದನ್ನು ಅಗ್ನಿಯಿಂದ ಶುದ್ಧೀಕರಿಸುವ ಅಗತ್ಯವೂ ಇಲ್ಲವಾಯಿತು. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ತೋಟದ ನೆಲವನ್ನು ಅಗೆದು, ಹೂತುಹೋದ ದೇಗುಲದೊಳಗೆ ಅನಿಮಿಷಯ್ಯನನ್ನು ಕಾಣುವ ಸನ್ನಿವೇಶವು ಎಲ್ಲರಿಗೂ ಪರಿಚಿತ. ನೆಲದೊಳಗೆ ಕುಳಿತ ಯೋಗಿ, ಅಂಗೈಯಲ್ಲಿ ಲಿಂಗ, ಅದರಲ್ಲಿಯೇ ನೆಟ್ಟ ದೃಷ್ಟಿ. ಅದು ಕಾವ್ಯ, ಆಚರಣೆಗೆ ಪ್ರಮಾಣವಲ್ಲ. ಆದರೂ ಇಂದಿಗೂ ಕುಣಿಯಲ್ಲಿ ಕಾಣುವ ಚಿತ್ರ ಇದೇ ಆಗಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೂ ಲಿಂಗಧಾರಿಗಳು ಮೃತರನ್ನು ಹೂಳುವುದನ್ನು ದಾಖಲಿಸಿದ್ದಾನೆ.

ಈ ಕ್ರಿಯೆಗೆ ಬೇಕಾಗುವ ಸಾಮಗ್ರಿಗಳನ್ನು ಗಮನಿಸಬೇಕು. ಒಂಬತ್ತು ಪಾದದ ಅಳತೆಯ ಕುಣಿ, ಅದರ ಒಂದು ಮಗ್ಗುಲಲ್ಲಿ ಶರೀರವನ್ನು ಕೂರಿಸಲು ಗೂಡು. ಮೈಮೇಲೆ ಒಂದು ಬಟ್ಟೆ, ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ಬಿಲ್ವಪತ್ರೆ ಮತ್ತು ವಿಭೂತಿ, ಮೇಲೆ ಅಗೆದ ಮಣ್ಣೇ. ಪತ್ರೆ ಕೊಳೆಯುತ್ತದೆ, ಹತ್ತಿಯ ಬಟ್ಟೆ ಜೀರ್ಣವಾಗುತ್ತದೆ. ವಿಭೂತಿಯಂತೂ ಗೋಮಯದ ಬೂದಿ. ಸಾಂಪ್ರದಾಯಿಕ ಚಿತೆಗೆ ಸುಮಾರು 400ರಿಂದ 500 ಕಿಲೋ ಕಟ್ಟಿಗೆ ಬೇಕು. ಬಳ್ಳಾರಿ ಜಾಲಿಯ ಹೊರತು ಉರುವಲೇ ವಿರಳವಾದ ಈ ಬಯಲುಸೀಮೆಯಲ್ಲಿ ಮನೆಮನೆಯವರೂ ಚಿತೆ ಒಡ್ಡುತ್ತಿದ್ದರೆ ಉಳಿದ ಬೇವು, ಹುಣಸೆಗಳ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ವಿದ್ಯುತ್ ಚಿತಾಗಾರವು ಮರ ಉಳಿಸುತ್ತದೆ, ದಿಟ. ಆದರೆ ಆ ವಿದ್ಯುತ್ತಿನ ಒಂದು ಪಾಲು ರಾಯಚೂರಿನಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದು.

ಇಂಗ್ಲೆಂಡಿನ ಕಾರ್ಲೈಲ್ ನಗರದಲ್ಲಿ 1993ರಲ್ಲಿ, ಲೇಪನದ್ರವ್ಯವಿಲ್ಲದೆ, ಕಲ್ಲು ನೆಡದೆ, ಸಮಾಧಿಯ ಮೇಲೆ ಸಸಿ ನೆಡುವ ಸ್ಮಶಾನವೊಂದು ಆರಂಭವಾದಾಗ ಅದು ಸುದ್ದಿಯಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯವು 2019ರಲ್ಲಿ ಮಾನವ ಶರೀರವನ್ನು ಕಟ್ಟಿಗೆಯ ಚೂರು, ಹುಲ್ಲುಗಳೊಡನೆ ಇರಿಸಿ ಗೊಬ್ಬರವಾಗಿಸಲು ಕಾನೂನಿನ ಸಮ್ಮತಿ ನೀಡಿತು. 2021ರ ಡಿಸೆಂಬರಿನಲ್ಲಿ ನಿಧನರಾದ ದಕ್ಷಿಣ ಆಫ್ರಿಕಾದ ಧರ್ಮಗುರು ಡೆಸ್ಮಂಡ್ ಟುಟು ಅವರ ಶರೀರವನ್ನು ಬೆಂಕಿಯ ಬದಲು ಕ್ಷಾರಯುಕ್ತ ಬಿಸಿನೀರಿನಲ್ಲಿ ಕರಗಿಸಲಾಯಿತು. ಇವುಗಳ ಪೈಕಿ ಮೊದಲನೆಯದನ್ನು ಯಲಬುರ್ಗಾದ ರೈತನಿಗೆ ವಿವರಿಸಿದರೆ ಆತನಿಗೆ ಆಶ್ಚರ್ಯವೇನೂ ಆಗದು. ತನ್ನ ಅಜ್ಜನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದು ಹೀಗೆಯೇ ಎಂದಾನು.

ಇಷ್ಟಾಗಿಯೂ ಇಂದಿನ ಆಚರಣೆಯೆಲ್ಲವೂ ನಿರ್ದೋಷವೆನ್ನಲಾಗದು. ಕುಣಿಗೆ ಉಪ್ಪು ಸುರಿಯುವ ರೂಢಿ ಹಲವೆಡೆ ಇದೆ. ಪೂಜ್ಯರ ಕ್ರಿಯಾಸಮಾಧಿಗಳಲ್ಲಂತೂ ಮೂಟೆಗಟ್ಟಲೆ. ಉಪ್ಪು ನೀರನ್ನು ಹೀರಿ ಶರೀರವನ್ನು ಒಣಗಿಸುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಮಣ್ಣಾಗಲೆಂದು ಮಣ್ಣಿಗಿತ್ತ ಶರೀರ ಮಣ್ಣಾಗದಂತೆ ಕಾಯುವುದೇ ಅದರ ಗುಣ. ಸುತ್ತಲಿನ ನೆಲ ಸವಳಾಗುವುದು ಬೇರೆ ಮಾತು. ಆಳದ ಪ್ರಶ್ನೆಯೂ ಇದೆ. ಗಾಳಿಯಾಡುವ ಮೇಲ್ಮಣ್ಣಿನಲ್ಲಿ ದೇಹ ಬೇಗ ಕರಗುತ್ತದೆ, ಆಳ ಹೆಚ್ಚಿದಂತೆ ಆ ಕ್ರಿಯೆ ನಿಧಾನಿಸುತ್ತದೆ. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಎರೆ ಹೊಲಗಳಲ್ಲಿ ಅಂತರ್ಜಲವು ಬಹಳ ಕೆಳಗಿರುವುದರಿಂದ ಆಳದ ಕುಣಿಯಿಂದ ನೀರಿಗೆ ಅಪಾಯ ಕಡಿಮೆ. ಗಂಗಾವತಿಯ ಸ್ಥಿತಿ ಹಾಗಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಭತ್ತದ ಗದ್ದೆಗಳ ನಡುವೆ ನೀರು ಮೇಲೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ವರದಿಯೊಂದು ಸಮಾಧಿಯು ಕುಡಿಯುವ ನೀರಿನ ಬಾವಿಗೆ 250 ಮೀಟರ್ ದೂರವಿರಬೇಕು, ಕುಣಿಯ ತಳದ ಕೆಳಗೆ ಕನಿಷ್ಠ ಒಂದು ಮೀಟರ್ ಮಣ್ಣಿರಬೇಕು ಎಂದು ಸೂಚಿಸಿತು. ಗದ್ದೆಯಂಚಿನ ರುದ್ರಭೂಮಿಗಳಲ್ಲಿ ಈ ಲೆಕ್ಕ ಹಿಡಿದರೆ ಒಂಬತ್ತು ಪಾದದ ಹಠ ಬಿಡಬೇಕಾಗುತ್ತದೆ. ಕುಳಿತ ಶರೀರಕ್ಕೆ ಮೂರಡಿ, ಮೇಲೆ ಮೂರಡಿ ಮಣ್ಣು. ಕ್ರಿಯೆಗೆ ಲೋಪವೇನೂ ಬಾರದು.

ಇನ್ನು ಸಿಮೆಂಟು. ಮಹಾಗುರುಗಳ ಗದ್ದುಗೆಯೆಂಬುದು ಭಕ್ತಸಮೂಹದ ಶ್ರದ್ಧಾಕೇಂದ್ರ. ಕೊಪ್ಪಳದ ಗವಿಮಠದಲ್ಲಿ ಶ್ರೀ ಗವಿಸಿದ್ಧೇಶ್ವರರ ಗದ್ದುಗೆಯ ದರ್ಶನಕ್ಕೆ ಪ್ರತಿವರ್ಷ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಆ ಗೌರವವನ್ನು ಪ್ರತಿಯೊಂದು ಮನೆತನವೂ ತನ್ನ ಹಿರಿಯರಿಗೆ ಕಟ್ಟೆ, ಗ್ರಾನೈಟು, ಕಬ್ಬಿಣದ ಚಾವಣಿಗಳಿಂದ ಅನುಕರಿಸಹೊರಟರೆ ಊರ ರುದ್ರಭೂಮಿಯಲ್ಲಿ ಎರಡನೆಯ ತಲೆಮಾರಿಗೆ ಜಾಗ ಉಳಿಯುವುದಿಲ್ಲ. ಬರಿಯ ಮಣ್ಣಿನ ಸಮಾಧಿಯು ಕೆಲವು ದಶಕಗಳಲ್ಲಿ ನೆಲದೊಡನೆ ಸಮವಾಗಿ ಮತ್ತೊಬ್ಬರಿಗೆ ಎಡೆ ಕೊಡುತ್ತಿತ್ತು. ಕಟ್ಟೆ ಕೊಡದು. ಸ್ಥಾವರವನ್ನು ಒಲ್ಲೆನೆಂದ ಶರಣರ ಸಂತತಿಯು ಸತ್ತ ಮೇಲೆ ಸ್ಥಾವರಕ್ಕೆ ಶರಣಾದಂತಾಯಿತು. ಹಳ್ಳಿಗಳಲ್ಲಿ ಸ್ಮಶಾನಕ್ಕೆ ಭೂಮಿಯಿಲ್ಲದೆ ಹೊಲವಿಲ್ಲದವರ ಮನೆಯ ಹೆಣ ದಾರಿ ಕಾಯುವ ಪ್ರಸಂಗಗಳನ್ನು ನೆನೆದರೆ ಇದು ಕೇವಲ ಪರಿಸರದ ಮಾತಾಗಿ ಉಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಪರಮಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳ ನಿರ್ಣಯವು ವಿಶೇಷ ಮನನಕ್ಕೆ ಅರ್ಹವಾಗಿದೆ. ಅಲ್ಲಮಪ್ರಭುದೇವರ ವಚನಗಳಿಗೆ ನಿರ್ವಚನ ಬರೆದ ಪೂಜ್ಯರು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಪತ್ರವನ್ನು ಬರೆದಿಟ್ಟಿದ್ದರು. ಶರೀರವನ್ನು ಭೂಮಿಯಲ್ಲಿರಿಸದೆ ಅಗ್ನಿಗೆ ಅರ್ಪಿಸುವುದು, ಶ್ರಾದ್ಧಾದಿ ಕರ್ಮಗಳನ್ನು ಮಾಡದಿರುವುದು, ಚಿತಾಭಸ್ಮವನ್ನು ನದಿಯಲ್ಲಿ ಇಲ್ಲವೆ ಸಾಗರದಲ್ಲಿ ವಿಸರ್ಜಿಸುವುದು, ಯಾವ ಸ್ಮಾರಕವನ್ನೂ ನಿರ್ಮಿಸದಿರುವುದು ಅವರ ಅಪೇಕ್ಷೆಯಾಗಿತ್ತು. 2023ರ ಜನವರಿ 2ರಂದು ಅವರು ದೇಹ ತ್ಯಜಿಸಿದರು. ಮರುದಿನ ಆಶ್ರಮದ ಆವರಣದಲ್ಲಿ ಅಗ್ನಿಸಂಸ್ಕಾರ ನೆರವೇರಿತು. ಭಸ್ಮವನ್ನು ಕೂಡಲಸಂಗಮದಲ್ಲಿಯೂ ಗೋಕರ್ಣದಲ್ಲಿಯೂ ವಿಸರ್ಜಿಸಲಾಯಿತು.

ಮಣ್ಣಿನ ಸಂಸ್ಕಾರಕ್ಕೆ ಒಗ್ಗಿದ ಭಕ್ತರಲ್ಲಿ ಕೆಲವರಿಗೆ ಇದು ಸಂಪ್ರದಾಯ ಭಂಗವೆನಿಸಿದ್ದರೆ ಅದು ಸಹಜ. ಕಟ್ಟಿಗೆಯ ಲೆಕ್ಕದಲ್ಲಿ ನೋಡಿದರೂ ಬರಿಯ ಮಣ್ಣಿನ ಕುಣಿಯೇ ಮೇಲು. ಆದರೆ ಅಂಥ ಮಹಾತ್ಮರನ್ನು ಮಣ್ಣಿನಲ್ಲಿರಿಸಿದ್ದರೆ ಅಲ್ಲೊಂದು ಭವ್ಯ ಗದ್ದುಗೆ ಏಳದೆ ಇರುತ್ತಿರಲಿಲ್ಲ. ಬೆಂಕಿಯನ್ನು ಆರಿಸಿಕೊಂಡದ್ದು ಆ ಕಟ್ಟಡವನ್ನು ತಪ್ಪಿಸಲೆಂದೇ ಇರಬೇಕೆಂದು ಪತ್ರದ ಕೊನೆಯ ಅಪೇಕ್ಷೆಯಿಂದ ಭಾವಿಸಬಹುದು.

ಮಣ್ಣೂ ಬೆಂಕಿಯೂ ಎರಡೂ ಬೇಡವೆನ್ನುವವರಿಗೆ ದೇಹದಾನದ ದಾರಿ ತೆರೆದಿದೆ. 1957ರ ಕರ್ನಾಟಕ ಅಂಗರಚನಾ ಶಾಸ್ತ್ರ ಅಧಿನಿಯಮವೇ ಅದಕ್ಕೆ ಆಧಾರ. ಬೆಳಗಾವಿಯಲ್ಲಿ 2010ರಲ್ಲಿ, ದೇಹದಾನ ಮಾಡಿದ್ದ ವೈದ್ಯರೊಬ್ಬರ ಶರೀರವನ್ನು ಅವರ ಮಗನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದರು. ಕೊಪ್ಪಳದಲ್ಲಿಯೂ 2015ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಸಂಕಲ್ಪಪತ್ರವನ್ನು ಬದುಕಿರುವಾಗಲೇ ಬರೆದು, ಮನೆಯವರಿಗೆ ತಿಳಿಸಿರಬೇಕು. ಮರಣಾನಂತರ ಶರೀರವನ್ನು ಒಪ್ಪಿಸಬೇಕಾದವರು ಅವರೇ.